ಅಂಗೈಯಗಲದ ವಾಫಲ್ ಮಿಷನ್ನು

ಹೊಸೂರಿನ ಹತ್ತಿರದ ತಳಿ ಸೀಮೆಯಲ್ಲಿ ಅಕ್ಕಯಮ್ಮನ ರಾಗಿ ದೋಸೆಗಿಂತ ದೊಡ್ಡ ಹೆಸರು ಇನ್ನೊಂದಿಲ್ಲ. ಆಕೆ ಕಾವಲಿಯ ಮೇಲೆ ಒಂದು ಸೌಟು ಹಿಟ್ಟು ಹುಯ್ದರೆ ಸಾಕು, ಮೂರು ಮೈಲಿ ಆಚೆ ಹೋಗುವ ಬಸ್ಸು ತಾನಾಗಿಯೇ ನಿಧಾನವಾಗುತ್ತದೆ. ಒಮ್ಮೆ ಡೆಂಕಣಿಕೋಟೆ ಕಾಡಿನಿಂದ ಇಳಿದ ಆನೆಗಳ ಹಿಂಡು ರಾಗಿ ಹೊಲವನ್ನು ಮೂಸಿಯೂ ನೋಡದೆ ನೇರವಾಗಿ ಬಂದು, ಆಕೆಯ ಅಡುಗೆಮನೆಯ ಗೋಡೆಗೆ ಸೊಂಡಿಲು ಆನಿಸಿಕೊಂಡು ಬೆಳಗಿನ ತನಕ ನಿಂತಿತ್ತು. ಸುಳ್ಳು ಎನ್ನುವವರು ಹೋಗಿ ಗೋಡೆ ನೋಡಬಹುದು. ಆಮೇಲೆ ಸುಣ್ಣ ಬಳಿದಿದ್ದಾರೆ, ಅಷ್ಟೇ.

ಇಂಥ ಅಕ್ಕಯಮ್ಮನನ್ನು ಆರು ವರ್ಷದ ಮೊಮ್ಮಗಳು ಹರ್ಷಿತಾ ಫೋನಿನಲ್ಲಿ ಒಂದೇ ಮಾತಿಗೆ ಕೆಡವಿದಳು. ಹರ್ಷಿತಾ ಮತ್ತಿಗಿರಿಯಲ್ಲಿರುವ ಮಗಳು ಮಂಗಳಾಳ ಕೂಸು. ಬೇಸಿಗೆ ರಜ ಬಂತೆಂದರೆ ತಳಿಗೆ ಓಡಿ ಬರುತ್ತಿದ್ದವಳು ಈ ಸಲ ಕೃಷ್ಣಗಿರಿಗೆ, ತಂದೆಯ ತಾಯಿ ಲಕ್ಷ್ಮೀದೇವಮ್ಮನ ಮನೆಗೆ ಹೋಗುತ್ತಾಳಂತೆ. ಅಲ್ಲಿ ವಾಫಲ್ ಮಾಡುವ ಮಿಷನ್ ಇದೆಯಂತೆ.

"ನಿಮ್ಮನೇಲಿ ಬರೀ ದೋಸೆ, ಅಜ್ಜಿ" ಎಂದಿತು ಮಗು.

ಬರೀ ದೋಸೆ! ಅಕ್ಕಯಮ್ಮ ಫೋನನ್ನು ದೋಸೆಯ ಹಾಗೆ ಮೊಗಚಿ ಜಗಲಿಯ ಮೇಲೆ ಬಡಿದಳು. ಆ ಸದ್ದಿಗೆ ಅಂಗಳದ ಕೋಳಿಗಳು ಗಾಬರಿಯಾಗಿ ಹಿತ್ತಲು ಸೇರಿದವು. ಆಮೇಲೆ ಸೊಸೆ ಸರಳಾಳನ್ನು ಕರೆದು, ವಾಫಲ್ ಅಂದರೆ ಏನೆಂದು ಕೇಳಿದಳು. ಸರಳಾ ಫೋನಿನಲ್ಲಿ ಚಿತ್ರ ತೋರಿಸಿದಳು. ಮೈತುಂಬ ಚೌಕ ಚೌಕ ಗುಂಡಿ ಬಿದ್ದ, ಮೇಲೊಂದು ಕೆಳಗೊಂದು ಕಾವಲಿಯ ನಡುವೆ ಬೆಂದ ದಪ್ಪ ದೋಸೆ. ಅಕ್ಕಯಮ್ಮ ಅದನ್ನು ಹಿಂದೆ ಮುಂದೆ ನೋಡಿ, ನಾಳೆ ಶನಿವಾರ ಮಗು ಕೃಷ್ಣಗಿರಿ ಬಸ್ಸು ಹತ್ತುವ ಮುಂಚೆ ಈ ಮಿಷನ್ನು ತನ್ನ ಕೈಯಲ್ಲಿರಬೇಕು ಎಂದು ತೀರ್ಮಾನ ಕೊಟ್ಟಳು. ಆಕೆಯ ತೀರ್ಮಾನಕ್ಕೆ ಮೇಲಿನ ಕೋರ್ಟು ಇರಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ಅತ್ತೆ ಸೊಸೆ ಹೊಸೂರಿಗೆ ಹೊರಟರು. ಸರಳಾಳ ಚೀಲದಲ್ಲಿ ಫೋನು, ಫೋನಿನಲ್ಲಿ ಮಿಷನ್ನು ಕೊಂಡವರು ಬರೆದ ನಾಲ್ಕು ಸಾವಿರ ಅಭಿಪ್ರಾಯ. ಅಕ್ಕಯಮ್ಮನ ಚೀಲದಲ್ಲಿ ತುಪ್ಪ, ಬೆಲ್ಲದ ಪಾಕ, ಸೌಟು, ಮೊಗಚುವ ಕೈ, ಮತ್ತು ಹುದುಗಿದ ರಾಗಿ ದೋಸೆ ಹಿಟ್ಟು ತುಂಬಿದ ದೊಡ್ಡ ಡಬ್ಬಿ. ಅರವತ್ತೆರಡು ವರ್ಷದಲ್ಲಿ ಆಕೆ ಒಂದು ಕಾವಲಿಯನ್ನೂ ದೋಸೆ ಹುಯ್ದು ನೋಡದೆ ಕೊಂಡವಳಲ್ಲ. ಸಂತೆಯಲ್ಲೇ ಮೂರು ಕಲ್ಲು ಹೂಡಿ, ಬೆಂಕಿ ಹಚ್ಚಿ, ದೋಸೆ ಎದ್ದು ಬಂದ ಮೇಲೆಯೇ ದುಡ್ಡಿನ ಗಂಟು ಬಿಚ್ಚುವುದು ಆಕೆಯ ಪದ್ಧತಿ.

ಹೊಸೂರಿನ ಮಿಕ್ಸಿ ಅಂಗಡಿಯ ಶ್ರೀನಿವಾಸ್ ಮೂರು ಮಿಷನ್ನು ಮುಂದಿಟ್ಟ. ಮೊದಲನೆಯದು ಕಾವು ಹೆಚ್ಚು ಕಡಿಮೆ ಮಾಡುವ ತಿರುಗಣೆಯಿದ್ದ ದೊಡ್ಡದು, ಅದರೊಳಗೆ ಒಂದು ಕುಟುಂಬ ಸಂಸಾರ ಹೂಡಬಹುದಿತ್ತು. ಎರಡನೆಯದು ಕೆಂಪಗೆ ಮದುವಣಗಿತ್ತಿಯಂತೆ ಮಿನುಗುತ್ತಿತ್ತು, ಒಳಗೆ ಕರಡಿ ಮುಖದ ಅಚ್ಚು. ಮೂರನೆಯದು ಅಂಗೈ ಬಿಚ್ಚಿದಷ್ಟೇ ಅಗಲದ, ಮೂಲೆಯಲ್ಲಿ ಮುದುರಿಕೊಂಡಿದ್ದ ಕಪ್ಪನೆಯ ಗುಂಡು ಮಿಷನ್ನು. ಅದರ ಬೆಲೆ ಸಾವಿರದ ಒಳಗೇ ಇತ್ತು. ಶ್ರೀನಿವಾಸ್ ತಮಿಳಿನಲ್ಲಿ ಶುರು ಮಾಡಿ, ತೆಲುಗಿನಲ್ಲಿ ಹೊಗಳಿ, ಕನ್ನಡಕ್ಕೆ ಬಂದು ದೊಡ್ಡದನ್ನೇ ಒತ್ತಾಯಿಸಿದ. ಅಕ್ಕಯಮ್ಮ ಡಬ್ಬಿಯ ಮುಚ್ಚಳ ತೆಗೆದಳು. ಅಂಗಡಿಯಲ್ಲಿ ಹಿಟ್ಟು ಹುಯ್ಯಲು ಆಗುವುದಿಲ್ಲ ಎಂದು ಅವನು ಕೈಮುಗಿದ.

"ಒಲೆ ಮೇಲಿಕ್ಕಿ ನೋಡ್ದೆ ತಗೊಂಡೋಗಕೆ ಇದೇನು ದೇವ್ರ ಪಟಾನೇನಪ್ಪಾ" ಎಂದು ಆಕೆ ಸ್ಟೂಲು ಎಳೆದು ಕೂತಳು.

ಆಕೆ ಕೂತ ರೀತಿ ನೋಡಿದರೆ ಬರುವ ಯುಗಾದಿಯವರೆಗೂ ಏಳುವಂತಿರಲಿಲ್ಲ. ಶ್ರೀನಿವಾಸ್ ತೋರಿಕೆಗೆಂದು ಇಟ್ಟಿದ್ದ ದೊಡ್ಡ ಮಿಷನ್ನಿಗೆ ವೈರು ಸಿಕ್ಕಿಸಿದ.

ಅದು ಕಾದದ್ದೇ ತಡ, ಅಕ್ಕಯಮ್ಮ ಎರಡು ಸೌಟು ಹಿಟ್ಟು ಹುಯ್ದು, ರೂಢಿಯ ಕೈ ತಡೆಯಲಾರದೆ, ಸೌಟಿನ ತಳದಿಂದ ಗುಂಡಗೆ ತಿರುವಿ ತಿರುವಿ ಹರಡತೊಡಗಿದಳು. ಗುಂಡಿ ಮೂಡಿಸುವ ಒಳಗಿನ ಮೊಳೆಗಳ ಮೇಲೆ ಸೌಟು ಟಕಟಕ ಎಂದು ಕುದುರೆಯ ಹಾಗೆ ಓಡಿತು. ಆಮೇಲೆ ಮುಚ್ಚಳ ತೆರೆದೇ ಬಿಟ್ಟು, ಅಂಚು ಬಿಡಲಿ ಎಂದು ಮೊಗಚುವ ಕೈ ಹಿಡಿದು ಕಾದಳು. ಸರಳಾ ಮುಖಕ್ಕೆ ಸೆರಗು ಅಡ್ಡ ಹಿಡಿದಳು.

"ಅತ್ತೆ, ಇದುನ್ನ ಮೊಗಚೋ ಹಂಗಿಲ್ಲ. ಮುಚ್ಚಬೇಕು."

ಮುಚ್ಚಿದರು. ಹುದುಗಿದ ಹಿಟ್ಟು ಉಬ್ಬಿತು. ನಾಲ್ಕೂ ಕಡೆಯಿಂದ ಜಿನುಗಿ, ಮೇಜಿನ ಮೇಲೆ ಹರಿದು, ಇನ್ನೊಂದು ನಿಮಿಷ ಬಿಟ್ಟಿದ್ದರೆ ಬಾಗಿಲು ದಾಟಿ ಬೆಂಗಳೂರಿಗೆ ಹೋಗುವ ಲಾರಿಗಳನ್ನೆಲ್ಲ ತಡೆದು ನಿಲ್ಲಿಸುತ್ತಿತ್ತು. ಶ್ರೀನಿವಾಸನಿಗೆ ಹೊಟ್ಟೆ ಕುಣಿಯುವ ಹಾಗೆ ನಗು ಬಂತು. ಅಕ್ಕಯಮ್ಮ ನಗಲಿಲ್ಲ. ಅವನ ಒರೆಸುವ ಬಟ್ಟೆಯನ್ನೇ ತೆಗೆದುಕೊಂಡು ಮೇಜು ಒರೆಸಿದಳು. ಹರಡಬಾರದು, ನಡುವೆ ಹುಯ್ಯಬೇಕು, ಉಬ್ಬುವುದಕ್ಕೆ ಜಾಗ ಬಿಡಬೇಕು ಎಂದು ಲೆಕ್ಕ ಹಾಕಿದಳು. ಒಂದು ಮಗುವಿಗೆ ತಿನ್ನಿಸಲು ನಾಲ್ಕು ಜನರ ಹಿಟ್ಟು ಕುಡಿಯುವ ಈ ರಾಕ್ಷಸ ತನಗೆ ಬೇಡ ಎಂದೂ ಆಕೆಗೆ ಆಗಲೇ ಕಂಡಿತು. ಮೇಲಾಗಿ ತಳಿಯಲ್ಲಿ ಸಂಜೆಯ ಕರೆಂಟು ಎಷ್ಟು ಸಣ್ಣದೆಂದರೆ, ಬಲ್ಬು ಉರಿಯುತ್ತಿದೆಯೋ ಇಲ್ಲವೋ ನೋಡಲು ಇನ್ನೊಂದು ಬಲ್ಬು ಬೇಕು. ಸಾವಿರದಿನ್ನೂರು ವ್ಯಾಟು ಎಳೆಯುವ ಇದನ್ನು ಹಾಕಿದರೆ ಊರೇ ಕತ್ತಲು.

ಕೆಂಪು ಮಿಷನ್ನಿಗೆ ಹಿಟ್ಟನ್ನೂ ಹುಯ್ಯಲಿಲ್ಲ. ಕರಡಿಯ ಕಿವಿಯೊಳಗೆ ಬೆರಳು ಹಾಕಿ ನೋಡಿದಳು. ಅಲ್ಲಿ ಹಿಟ್ಟು ಕೂತರೆ ಒರೆಸುವುದು ಹೇಗೆ? ಕಾದದ್ದು ತಿಳಿಯಲು ದೀಪವೂ ಇರಲಿಲ್ಲ. ವರ್ಷಕ್ಕೆ ನಾಲ್ಕು ಸಲ ಉಪಯೋಗಿಸುವ ವಸ್ತುವಿಗೆ ಈ ಸಿಂಗಾರವೇಕೆ ಎಂದು ಪಕ್ಕಕ್ಕೆ ಸರಿಸಿದಳು.

ಸಣ್ಣದು ಉಳಿಯಿತು. ಐನೂರೈವತ್ತು ವ್ಯಾಟು, ಮಿಕ್ಸಿಯ ಪಕ್ಕದಲ್ಲಿ ಇನ್ನೂ ಜಾಗ ಉಳಿಸುವಷ್ಟು ಮೈ, ಕಾದ ಕೂಡಲೇ ಆರುವ ದೀಪ. ಮುಚ್ಚಳದ ಕೀಲು ಸಡಿಲವಾಗಿದೆ ಎಂದು ಫೋನಿನಲ್ಲಿ ಮುನ್ನೂರು ಜನ ದೂರಿದ್ದಾರೆಂದು ಸರಳಾ ಎಚ್ಚರಿಸಿದಳು. ಅಕ್ಕಯಮ್ಮ ಕೀಲನ್ನು ಅಲ್ಲಾಡಿಸಿ ನೋಡಿದಳು. ಹಿಟ್ಟು ಉಬ್ಬಿದಾಗ ಮುಚ್ಚಳ ತಾನಾಗಿ ಏಳಲೆಂದೇ ಅದು ಹಾಗಿದೆ ಎಂದು ಆಕೆಗೆ ಹೊಳೆಯಿತು. ವೈರು ಸಿಕ್ಕಿಸಿ ದೀಪ ಆರಿದ ಮೇಲೆ ಅರ್ಧ ಸೌಟು ನಡುವೆ ಹುಯ್ದು, ಮುಚ್ಚಿ, ಅಮುಕದೆ ಕಾದಳು. ಮುಚ್ಚಳ ಮೆಲ್ಲಗೆ ಎದ್ದು ನಿಂತಿತು. ತೆಗೆದಾಗ ಗರಿಗರಿ ರಾಗಿ ವಾಫಲ್ ತಾನಾಗಿ ಬಿಟ್ಟುಕೊಂಡಿತು. ಶ್ರೀನಿವಾಸ್ ತುಂಡು ಮುರಿದು ಬಾಯಿಗಿಟ್ಟವನು ಮೂರೂ ಭಾಷೆ ಮರೆತ. ಹಾಗೇ ಕಣ್ಣು ಮುಚ್ಚಿಕೊಂಡು ಸಾವಿರದ ಕೆಳಗಿನ ಬೆಲೆಯನ್ನು ಇನ್ನೂ ಕೆಳಗಿಳಿಸಿದ.

ಹತ್ತೂವರೆಗೆ ಮತ್ತಿಗಿರಿ. ಮಂಗಳಾಳ ಮನೆಯ ನಡುವೆ ಹರ್ಷಿತಾಳ ಬಟ್ಟೆಯ ಪೆಟ್ಟಿಗೆ ಸಿದ್ಧವಾಗಿ ಕೂತಿತ್ತು. ಅಕ್ಕಯಮ್ಮ ಯಾರನ್ನೂ ಮಾತಾಡಿಸದೆ ಅಡುಗೆಮನೆಗೆ ಹೋಗಿ ಮಿಷನ್ನಿಗೆ ವೈರು ಸಿಕ್ಕಿಸಿದಳು. ಮೊದಲನೆಯದು ತಟ್ಟೆಗೆ ಬಿದ್ದಾಗ ಮಗು ಮೂಗು ಮುರಿಯಿತು.

"ಕರ್ರಗಿದೆ."

ಅಕ್ಕಯಮ್ಮ ಚೀಲ ಬಿಚ್ಚಿದಳು. ಒಂದೊಂದು ಗುಂಡಿಗೂ ತುಪ್ಪ ತೊಟ್ಟಿಕ್ಕಿ, ಬೆಲ್ಲದ ಪಾಕ ಹುಯ್ದಳು. ಹರ್ಷಿತಾ ಒಂದು ಗುಂಡಿ ತಿಂದಳು. ಇನ್ನೊಂದು ಗುಂಡಿ ತಿಂದಳು. ತಟ್ಟೆ ಬರಿದಾದ ಮೇಲೆ, ಕೃಷ್ಣಗಿರಿಯಲ್ಲಿ ಒಂದೇ ಸಲಕ್ಕೆ ನಾಲ್ಕು ಬರುತ್ತದೆ, ಇದು ಯಾಕಿಷ್ಟು ಚಿಕ್ಕದು ಎಂದು ಕೇಳಿದಳು.

ಹೇಳಲು ಅಕ್ಕಯಮ್ಮನ ಬಾಯಲ್ಲಿ ಸಾವಿರ ಮಾತಿದ್ದವು. ಆಕೆ ಸೌಟನ್ನು ಮಗುವಿನ ಕೈಗೆ ಕೊಟ್ಟಳು.

"ಇದು ನಿನ್ನ ಅಳ್ತೆ ಕಣವ್ವಾ. ನೀನೇ ಹುಯ್ಯಿ."

ಹರ್ಷಿತಾಳನ್ನು ಅದುವರೆಗೆ ಒಲೆಯ ಹತ್ತಿರಕ್ಕೆ ಯಾರೂ ಬಿಟ್ಟವರಲ್ಲ. ಅಜ್ಜಿ ಮಣಿಕಟ್ಟು ಹಿಡಿದಳು, ಮಗು ಅರ್ಧ ಸೌಟು ಹಿಟ್ಟನ್ನು ಸರಿಯಾಗಿ ನಡುವೆ ಹುಯ್ದಿತು. ಮುಚ್ಚಳ ಮೆಲ್ಲಗೆ ಏಳುವುದನ್ನು ಅದು ಉಸಿರು ಬಿಗಿಹಿಡಿದು ನೋಡಿದ ನೋಟಕ್ಕೆ ಹೊಸೂರಿನ ಫ್ಯಾಕ್ಟರಿಗಳ ಸೈರನ್ನುಗಳೆಲ್ಲ ಬಾಯಿ ಮುಚ್ಚಿಕೊಂಡಿರಬೇಕು. ವಾಫಲ್ ಎದ್ದು ಬಂದಾಗ, ಇದು ನಾನು ಮಾಡಿದ್ದು, ಯಾರೂ ಮುಟ್ಟಬೇಡಿ ಎಂದು ತಟ್ಟೆಗೆ ಅಡ್ಡ ಕೂತಿತು.

ಆಮೇಲೆ ಚೌಕಾಸಿ ನಡೆಯಿತು. ತಳಿಗೆ ಬರುವುದಾದರೆ ದಿನಾ ತಾನೇ ಹುಯ್ಯಬೇಕು ಎಂದು ಮಗು ಷರತ್ತು ಹಾಕಿತು. ಅಕ್ಕಯಮ್ಮ ಒಪ್ಪಿದಳು.

"ಐದು ದಿನ ಬರ್ತೀನಿ. ಆಮೇಲೆ ಕೃಷ್ಣಗಿರಿ."

"ಹತ್ತು."

"ಏಳು. ಲಕ್ಷ್ಮೀ ಅಜ್ಜಿ ಅಳ್ತಾರೆ."

ಬೀಗಿತ್ತಿ ಅಳುವ ಮಾತು ಕೇಳಿ ಅಕ್ಕಯಮ್ಮನಿಗೆ ಒಳಗೊಳಗೇ ಹಬ್ಬವಾಯಿತು. ಆದರೂ ದೊಡ್ಡ ಮನಸ್ಸು ಮಾಡಿ ಏಳಕ್ಕೆ ಇಳಿದಳು. ಮಂಗಳಾ ಕೃಷ್ಣಗಿರಿಗೆ ಫೋನು ಮಾಡಿ ಹೇಳಿದಳು.

ಮಧ್ಯಾಹ್ನದ ತಳಿ ಬಸ್ಸಿನಲ್ಲಿ ಕಿಟಕಿ ಪಕ್ಕದಲ್ಲಿ ಹರ್ಷಿತಾ ಕೂತಳು. ಬಟ್ಟೆಯ ಪೆಟ್ಟಿಗೆಯನ್ನು ಸರಳಾ ಹೊತ್ತಳು. ಮಿಷನ್ನಿನ ಡಬ್ಬವನ್ನು ಮಾತ್ರ ಮಗು ತೊಡೆಯ ಮೇಲೆ ತಬ್ಬಿಕೊಂಡಿತ್ತು. ಭಾರ, ಕೊಡು ಎಂದು ಅಕ್ಕಯಮ್ಮ ಕೈ ಚಾಚಿದರೂ ಕೊಡಲಿಲ್ಲ.