ಬದಲಿ

“ಬದಲಿ? ದೇವರ ಮಗ ಯೇಸು ಏನೋ, ನಿಮ್ಮ ಕುಲುಮೆಗೆ ಬರೋ ಬದಲಿ ಕೂಲಿಯಾ? ಎದ್ದು ನಿಲ್ಲು, ಮುಂಡೇದೆ. ಇನ್ನೊಂದು ಸಲ ಹೇಳು, ಎಲ್ಲರೂ ಕೇಳಲಿ.”

ಪಾದ್ರಿಗಳ ಗದರಿಕೆಗೆ ಕರಿಯಣ್ಣ ಎದ್ದು ನಿಂತ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕೂಲಿಲೈನಿನ ಕೊನೆಗಿದ್ದ ಪ್ರಾರ್ಥನಾ ಮಂದಿರದಲ್ಲಿ, ಚಾಪೆಯ ಮೇಲೆ ಕುಳಿತಿದ್ದ ಹನ್ನೊಂದು ಸಂಸಾರಗಳ ಕಣ್ಣೂ ಅವನ ಮೇಲಿತ್ತು. ಶಿವಮೊಗ್ಗದಿಂದ ತಿಂಗಳಿಗೊಮ್ಮೆ ರೈಲಿನಲ್ಲಿ ಬರುವ ಜ್ಞಾನಮಿತ್ರ ಪಾದ್ರಿಗಳು ಕೇಳಿದ್ದ ಪ್ರಶ್ನೆ ಚಿಕ್ಕದು: ಕ್ರಿಸ್ತನು ನಮಗೆ ಯಾರು? ಪುಸ್ತಕದಲ್ಲಿದ್ದ ಉತ್ತರವೂ ಚಿಕ್ಕದೇ: ಮಧ್ಯಸ್ಥನು. ಆ ಮಾತು ಕರಿಯಣ್ಣನ ನಾಲಿಗೆಗೆ ಹತ್ತಿರಲಿಲ್ಲ. ಹತ್ತಿದ ಮಾತನ್ನು ಅವನು ಹೇಳಿದ್ದ.

“ನಾನು ಜ್ವರ ಬಂದು ಮಲಗಿದ್ರೆ, ನನ್ ನಂಬರಿನ ಬಿಲ್ಲೆ ಇಸ್ಕಂಡು ನನ್ ಜಾಗ್ದಲ್ಲಿ ಬೆಂಕಿ ಮುಂದೆ ಒಬ್ಬ ನಿಂತ್ಕತಾನಲ್ಲ ಅಯ್ನೋರೆ, ಅವ್ನು ಬದಲಿ. ಯೇಸುಸ್ವಾಮೀನೂ ಹಂಗೇ, ನಮ್ ಜಾಗ್ದಲ್ಲಿ—”

“ಸಾಕು.” ಪಾದ್ರಿಗಳು ಅವನ ಹೆಸರಿನ ಮುಂದೆ ಅಡ್ಡಗೆರೆ ಎಳೆದರು. ಇದು ಮೂರನೆಯ ಸಲ. ಪ್ರಶ್ನೋತ್ತರ ಒಪ್ಪಿಸದವನಿಗೆ ದೀಕ್ಷಾಸ್ನಾನವಿಲ್ಲ; ದೀಕ್ಷಾಸ್ನಾನವಿಲ್ಲದವನಿಗೆ ಮಿಶನ್ನಿನ ಸಮಾಧಿ ನೆಲದಲ್ಲಿ ಜಾಗವಿಲ್ಲ. ಕುಂಸಿಯ ಕಡೆಯ ಅವನ ಕೇರಿಯವರಂತೂ, ಪಾದ್ರಿಯ ಹಿಂದೆ ಹೋದವನಿಗೆ ಇಲ್ಲಿ ಹಿಡಿ ಮಣ್ಣೂ ಇಲ್ಲವೆಂದು ಆಗಲೇ ಹೇಳಿ ಕಳಿಸಿದ್ದರು.

ಸಭೆ ಮುಗಿಯುವ ಹೊತ್ತಿಗೆ ಹುಚ್ಚಮ್ಮ ಎದ್ದಳು. ಇದ್ದಿಲ ಬುಟ್ಟಿ ಹೊರುವ ಐವತ್ತರ ವಿಧವೆ. ಬುಟ್ಟಿ ಹೊರುತ್ತಲೇ ಹೆಂಗಸರಿಗೆ ಪ್ರಾರ್ಥನೆ ಬಾಯಿಪಾಠ ಮಾಡಿಸಿದವಳು. ತಿಂಗಳಲ್ಲಿ ಮೂರು ಭಾನುವಾರ ಮಂದಿರದ ಬಾಗಿಲು ಮುಚ್ಚಿರುತ್ತದೆ, ನಮ್ಮಲ್ಲೇ ಒಬ್ಬಿಬ್ಬರಿಗೆ ಕಲಿಸಿಕೊಟ್ಟರೆ ನಾವೇ ನಡೆಸಿಕೊಂಡು ಹೋಗುತ್ತೇವೆ ಎಂದು ಅವಳು ಕೇಳಿಕೊಂಡಳು.

ಪಾದ್ರಿಗಳು ಶಿವಮೊಗ್ಗದಿಂದಲೇ ತಂದಿದ್ದ ತಮ್ಮ ಹಿತ್ತಾಳೆ ಕೂಜೆಯಿಂದ ನೀರು ಕುಡಿದು, ಬಾಯಿ ಒರೆಸಿಕೊಂಡರು. “ಕುರಿ ಎಲ್ಲಾದರೂ ಕುರಿ ಕಾಯುತ್ತೇನಮ್ಮಾ?”

“ಕುರುಬ ತಿಂಗ್ಳಿಗೊಂದ್ ಸಲ ಬಂದ್ರೆ ಇನ್ನೇನ್ ಮಾಡಾದು ಅಯ್ನೋರೆ? ತೋಳನ್ ಹತ್ರ ಅಪ್ಪಣೆ ಕೇಳಾದಾ?”

ಯಾರೋ ನಕ್ಕರು, ತಕ್ಷಣ ಕೆಮ್ಮಿದರು. ಪಾದ್ರಿಗಳು ಮಂದಿರಕ್ಕೆ ಬೀಗ ಹಾಕಿ, ಆ ಕೀಲಿಯನ್ನೂ ಸಮಾಧಿ ನೆಲದ ಗೇಟಿನ ಕೀಲಿಯನ್ನೂ ಕೋಟಿನ ಜೇಬಿಗಿಳಿಸಿ ಸ್ಟೇಷನ್ನಿನ ದಾರಿ ಹಿಡಿದರು.

ಹಿಂದಿರುಗುವಾಗ ಕರಿಯಣ್ಣ ಹುಚ್ಚಮ್ಮನಿಗೆ ಮೆಲ್ಲಗೆ ಹೇಳಿದ: “ಆ ಗೇಟು ಕೂರಿಸ್ದೋನು ನಾನು ಕಣಕ್ಕ. ಬೀಗ ಅವ್ರದ್ದು, ಗೇಟು ತಿರುಗೋ ತಿರುಗಣಿ ನಂದು. ತಿರುಗಣಿ ಕಡೆಯಿಂದ ಮ್ಯಾಕೆತ್ತಿದ್ರೆ ಬೀಗಕ್ಕೆ ಸುದ್ದೀನೇ ಮುಟ್ಟಲ್ಲ.”

ಅದಾದ ಒಂಬತ್ತನೆಯ ದಿನ ಅವನಿಗೆ ಚಳಿಜ್ವರ ಬಂತು. ಹನ್ನೆರಡನೆಯ ದಿನ ಕಣ್ಣು ಹಳದಿಗೆ ತಿರುಗಿತು. ಕುಲುಮೆಯ ಮೇಸ್ತ್ರಿ ಮುರುಗೇಶಪ್ಪ ಬಾಗಿಲಲ್ಲೇ ನಿಂತು, ಬದಲಿ ಹಾಕಿಕೊಂಡಿದ್ದೇನೆ, ಕೆಲಸದ ಯೋಚನೆ ಬೇಡ ಎಂದು ಹೇಳಿ ಹೋದ. ಕರಿಯಣ್ಣನಿಗೆ ಕೆಲಸದ ಯೋಚನೆ ಇರಲಿಲ್ಲ. “ಸ್ನಾನ ಆಗ್ಲಿಲ್ವಲ್ಲೇ,” ಎಂದು ಹೆಂಡತಿ ಪುಟ್ಟಲಕ್ಷ್ಮಿಯ ಮಣಿಕಟ್ಟನ್ನು ಹಿಡಿದುಕೊಂಡಿದ್ದ. “ನನ್ನ ಎಲ್ಲಿಡ್ತೀರಿ?”

ಅವನ ಜೊತೆ ಕುಲುಮೆಯಲ್ಲಿ ನಿಲ್ಲುವ ಭೈರಪ್ಪ ಬೆಳಗಿನ ರೈಲಿಗೆ ಶಿವಮೊಗ್ಗಕ್ಕೆ ಓಡಿದ. ಪಾದ್ರಿಗಳನ್ನು ಕರೆತಂದರೆ ಸಂಜೆಯ ರೈಲಿಗೆ ತರಬೇಕು. ಮಧ್ಯಾಹ್ನ ಕಳೆಯಿತು. ಕರಿಯಣ್ಣನ ಉಸಿರು ನಿಂತು, ಮತ್ತೆ ಹೊರಟು, ಮತ್ತೆ ನಿಲ್ಲತೊಡಗಿತು. ಸಂಜೆಯ ರೈಲು ಸಿಳ್ಳು ಹಾಕಿದಾಗ ಗುಡಿಸಲಿನೊಳಗಿದ್ದವರೆಲ್ಲ ಬಾಗಿಲಾಚೆಗೆ ಕಣ್ಣು ಹಾಯಿಸಿದರು. ದಾರಿಯ ತಿರುವಿನಲ್ಲಿ ಕಂಡದ್ದು ಒಂದೇ ತಲೆ.

ಭೈರಪ್ಪ ಒಳಗೆ ಬರಲಿಲ್ಲ. ಹುಚ್ಚಮ್ಮನೇ ಹೊರಗೆ ಹೋಗಿ ಕೇಳಿದಳು. ಪಾದ್ರಿಗಳು ಬಿಳಿಯ ದೊರೆಗಳ ಮನೆಯ ಚಹಾಕೂಟದಲ್ಲಿದ್ದರಂತೆ. ಪರೀಕ್ಷೆಯಲ್ಲಿ ನಿಲ್ಲದವನಿಗೆ ಹಾಸಿಗೆಯ ಮೇಲೆ ದೀಕ್ಷಾಸ್ನಾನ ಕೊಡುವ ಪದ್ಧತಿಯಿಲ್ಲ, ನಾಳೆ ಬೆಳಿಗ್ಗೆ ಬಿಡುವಾದರೆ ಬಂದು ನೋಡುತ್ತೇನೆ ಎಂದರಂತೆ.

“ಬೋಳಿಮಗ, ಕುರ್ಚಿಯಿಂದ ಏಳ್ಲಿಲ್ಲ ಕಣಕ್ಕ. ಚಾ ಬಸಿಯಿಂದ ಬಾಯಿ ತೆಗೀಲಿಲ್ಲ.”

ಒಳಗಿನಿಂದ ಕರಿಯಣ್ಣನ ದನಿ ಕೇಳಿತು: “ಅಯ್ನೋರು ಬಂದ್ರಾ?”

ಹುಚ್ಚಮ್ಮ ಹಂಡೆಯ ಬಳಿ ಹೋಗಿ ಕೈ ತೊಳೆದಳು. ಮತ್ತೆ ತೊಳೆದಳು. ಮೂರನೆಯ ಸಲ ಬೂದಿ ಹಚ್ಚಿ ಉಜ್ಜಿದಳು. ಇಪ್ಪತ್ತು ವರ್ಷದ ಇದ್ದಿಲು ಅಂಗೈಯ ಗೆರೆಗಳಿಂದ ಬಿಡಲಿಲ್ಲ. ಹಾಗೇ ಚೆಂಬಿನಲ್ಲಿ ಹೊಳೆಯ ನೀರು ತುಂಬಿಕೊಂಡು ಒಳಗೆ ಬಂದು ಅವನ ತಲೆಯ ಪಕ್ಕ ಕುಳಿತಳು.

“ಬಂದಿಲ್ಲ ಕಣೋ,” ಎಂದಳು. “ನಾನೇ ಬದಲಿ.”

ಕರಿಯಣ್ಣನ ತುಟಿ ಒಂದಿಷ್ಟು ಅಗಲವಾಯಿತು. ತಂದೆ, ಮಗ, ಪವಿತ್ರಾತ್ಮ, ಮೂವರ ಹೆಸರನ್ನೂ ಹೇಳಿ ತಲೆಯ ಮೇಲೆ ಮೂರು ಸಲ ನೀರು ಹಾಕಿ, ಒದ್ದೆ ಬೆರಳಿನಿಂದ ಅವನ ಹಣೆಯ ಮೇಲೆ ಶಿಲುಬೆ ಎಳೆದಳು. ಕಾರ್ಖಾನೆಯ ಸಿಳ್ಳು ಪಾಳಿ ಬದಲಿಸುವ ಹೊತ್ತಿಗೆ ಅವನ ಉಸಿರು ನಿಂತಿತು.

ಮರುದಿನ ಪಾದ್ರಿಗಳು ಬಂದರು. ಹೆಣದ ಮುಖದ ಮೇಲಿನ ಬಟ್ಟೆ ಸರಿಸಿದಾಗ ಅವರ ಕಣ್ಣಿಗೆ ಮೊದಲು ಬಿದ್ದದ್ದು ಹಣೆಯ ಮೇಲೆ ಇದ್ದಿಲ ಬಣ್ಣದಲ್ಲಿ ಮೂಡಿದ್ದ ಶಿಲುಬೆ.

“ಯಾರ ಕೆಲಸ ಇದು?”

“ನಂದು,” ಎಂದಳು ಹುಚ್ಚಮ್ಮ.

“ಯಾವ ಅಧಿಕಾರದಿಂದ? ಯಾವ ನೀರಿನಿಂದ?”

“ಹೊಳೆ ನೀರು ಅಯ್ನೋರೆ. ಯೇಸುಸ್ವಾಮಿ ಸ್ನಾನ ತಗಂಡ ಯೋರ್ದಾನೂ ಹೊಳೇನೇ ಅಲ್ವಾ?”

ಪಾದ್ರಿಗಳು ಸಿಟ್ಟನ್ನು ನುಂಗಿಕೊಂಡರು. ದನಿ ತಗ್ಗಿಸಿ, ಎಲ್ಲರಿಗೂ ಕೇಳುವಂತೆ ಒಂದು ದಾರಿ ತೋರಿಸಿದರು. ಸಾಯುವವನ ಬಾಯಿಗೆ ನೀರು ಬಿಟ್ಟೆ, ಅಷ್ಟೇ, ಎಂದು ಇವಳು ಒಪ್ಪಲಿ. ಹಣೆ ಒರೆಸಲಿ. ಹಾಗಾದರೆ ತಾವು ಕರುಣೆಯಿಂದ ಸಮಾಧಿ ನೆಲದ ಗೋಡೆಯ ಹೊರಬದಿಯಲ್ಲಿ ನಾಲ್ಕು ಮೊಳ ನೆಲ ಕೊಡುತ್ತಾರೆ, ಪ್ರಾರ್ಥನೆಯನ್ನೂ ಮಾಡುತ್ತಾರೆ. ಒಪ್ಪದಿದ್ದರೆ ಇಲ್ಲಿ ನಿಂತಿರುವ ಎಲ್ಲರ ಹೆಸರೂ ಸಭೆಯ ಪುಸ್ತಕದಿಂದ ಹೋಗುತ್ತದೆ.

ಎಲ್ಲರೂ ಪುಟ್ಟಲಕ್ಷ್ಮಿಯತ್ತ ನೋಡಿದರು. ಬಿಸಿಲೇರುತ್ತಿತ್ತು, ಹೆಣ ಕಾಯುವ ಹಾಗಿರಲಿಲ್ಲ. ಅವಳು ಸೆರಗಿನ ತುದಿಯನ್ನು ನೀರಿಗೆ ಅದ್ದಿದಳು. ಹುಚ್ಚಮ್ಮ ಕಣ್ಣು ಮುಚ್ಚಿಕೊಂಡಳು. ಪುಟ್ಟಲಕ್ಷ್ಮಿ ಗಂಡನ ಎರಡೂ ಕೆನ್ನೆ ಒರೆಸಿದಳು, ಗದ್ದ ಒರೆಸಿದಳು, ಕಿವಿಯ ಹಿಂದಿನ ಮಸಿ ತೆಗೆದಳು. ಹಣೆಯನ್ನು ಮುಟ್ಟಲಿಲ್ಲ.

“ಎತ್ರಣ್ಣ,” ಎಂದಳು.

ಪಾದ್ರಿಗಳು ಅವರಿಗಿಂತ ಮೊದಲೇ ಸಮಾಧಿ ನೆಲದ ಗೇಟು ತಲುಪಿದರು. ಬೀಗವನ್ನು ಎಳೆದು ನೋಡಿ, ಜೇಬಿನ ಮೇಲೆ ಕೈಯಿಟ್ಟು ನಿಂತರು. ಹೆಣ ಬಂತು. ಯಾರೂ ಕೀಲಿ ಕೇಳಲಿಲ್ಲ. ಭೈರಪ್ಪನೂ ಕುಲುಮೆಯ ಇನ್ನೂ ಮೂವರೂ ಬೀಗದ ಬದಿಯನ್ನು ಬಿಟ್ಟು ಇನ್ನೊಂದು ಬದಿಗೆ ಹೋಗಿ, ಹಾರೆ ಕೊಟ್ಟು, “ಐಸಾ” ಎಂದು ಒಂದೇ ಉಸಿರಿಗೆ ಎತ್ತಿದರು. ಗೇಟು ತಿರುಗಣಿಯಿಂದ ಕಳಚಿ ಅಡ್ಡಬಿತ್ತು. ಬೀಗ ಹಾಕಿದ ಹಾಗೇ ಇತ್ತು.

ಪಾದ್ರಿಗಳು ಪೊಲೀಸರ ಹೆಸರು ಹೇಳಿದರು, ದೊರೆಗಳ ಹೆಸರು ಹೇಳಿದರು. ಗುದ್ದಲಿಯ ಸದ್ದು ನಿಲ್ಲಲಿಲ್ಲ.

ಗುಂಡಿಯ ಬಳಿ ಹುಚ್ಚಮ್ಮ ದೇವರೇ ನನ್ನ ಕುರುಬನೆಂಬ ಕೀರ್ತನೆಯನ್ನು ತನ್ನ ಮಾತಿನಲ್ಲೇ ಹೇಳತೊಡಗಿದಳು. ಹಸುರು ಹುಲ್ಲು ಬಂತು, ತಣ್ಣನೆ ನೀರು ಬಂತು. ಕತ್ತಲ ಕಣಿವೆಯ ಸಾಲಿಗೆ ಬಂದಾಗ ಅವಳು ನಿಂತುಬಿಟ್ಟಳು. ಮಾತು ಮರೆತಳೋ, ಅಳು ಬಂತೋ. ಹಿಂದೆ ನಿಂತಿದ್ದ ಪಾದ್ರಿಗಳು ಸರಸರನೆ ಪುಸ್ತಕ ಬಿಚ್ಚಿದರು. ಒಂದು ಹೆಜ್ಜೆ ಮುಂದಿಟ್ಟರು.

ಅಷ್ಟರಲ್ಲಿ ಪುಟ್ಟಲಕ್ಷ್ಮಿ ಕಣಿವೆಯ ಸಾಲಿನಿಂದ ಎತ್ತಿಕೊಂಡಳು. ಅವಳು ತಡವರಿಸಿದಾಗ ಭೈರಪ್ಪ. ಕೀರ್ತನೆ ಕೊನೆ ಮುಟ್ಟಿತು.

ಪಾದ್ರಿಗಳು ಬಿಚ್ಚಿದ ಪುಸ್ತಕ ಹಿಡಿದುಕೊಂಡೇ ನಿಂತಿದ್ದರು. ಹುಚ್ಚಮ್ಮ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಅವರ ಮುಂದೆ ಚಾಚಿದಳು.

“ಹಾಕ್ತೀರಾ ಅಯ್ನೋರೆ?”

ಅವರು ಆ ಕೈಯನ್ನು ನೋಡಿದರು. ಗೆರೆಗಳಲ್ಲಿ ಇದ್ದಿಲು, ಅದರ ಮೇಲೆ ಕೆಂಪು ಮಣ್ಣು. ಅವರ ಕೈ ಪುಸ್ತಕ ಬಿಟ್ಟು ಬರಲಿಲ್ಲ. ಅವಳು ಇನ್ನಷ್ಟು ಹೊತ್ತು ಕಾದಳು. ಆಮೇಲೆ ಅವರ ಮುಖದಿಂದ ಕಣ್ಣು ತೆಗೆಯದೆ, ಕುಲುಮೆಯ ಮುಂದೆ ಮೇಸ್ತ್ರಿ ಕೂಗುವಂತೆ, ದೊಡ್ಡ ದನಿಯಲ್ಲಿ ಕರೆದಳು:

“ಬದಲಿ!”

ಅವಳ ಹಿಂದೆ ಎಷ್ಟೋ ಕೈಗಳು ಮುಂದಕ್ಕೆ ಬಂದವು.