ಕಾಮಣ್ಣನ ಇದ್ದಿಲು ಮೋಟಾರು

ಜಮಖಂಡಿಯ ಮೋಟಾರು ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಆ ಚಳಿಗಾಲದಲ್ಲಿ ಒಂದೇ ಮಾತು: ಇದ್ದಿಲೋ, ಪೆಟ್ರೋಲೋ? ಸಂಸ್ಥಾನ ಮುಗಿದು ಮುಂಬೈ ಸರಕಾರ ಬಂದು ಎರಡನೇ ವರ್ಷ. ಅರಮನೆಯ ಆಳ್ವಿಕೆ ಹೋದಾಗಲೂ ಜನ ಇಷ್ಟು ಗಂಟಲು ಹರಿದುಕೊಂಡಿರಲಿಲ್ಲ. ಮನೆಯಲ್ಲಿ ಒಂದು ಸೈಕಲ್ಲೂ ಇಲ್ಲದವರೇ ಹೆಚ್ಚು ಕೂಗಾಡುತ್ತಿದ್ದರು. ವಾದ ಮಾಡಲು ಮೋಟಾರು ಬೇಕಿಲ್ಲ, ನಾಲಿಗೆ ಇದ್ದರೆ ಸಾಕು.

ಇದ್ದಿಲಿನ ಪಕ್ಷಕ್ಕೆ ಕಾಮಣ್ಣನೇ ಮುಖಂಡ. ಐವತ್ತು ದಾಟಿದ ಆಳು, ಹುನ್ನೂರಿನ ಕುರುಬರ ಮನೆತನದವನು. ಗಿರಿಮಲ್ಲಪ್ಪ ಸಾವಕಾರರ ಮೋಟಾರನ್ನು ದಿನಾ ಬೀಳಗಿಗೆ ಒಯ್ದು ತರುವ ಡ್ರೈವರ. ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಕೂಪನ್ ಬಂದಾಗ ಸಾವಕಾರರು ಆ ಮೋಟಾರಿನ ಹಿಂದೆ ಆಳೆತ್ತರದ ಕಬ್ಬಿಣದ ಭಟ್ಟಿಯೊಂದನ್ನು ಕೂಡಿಸಿದ್ದರು. ಅದರಲ್ಲಿ ಜಾಲಿಯ ಇದ್ದಿಲು ತುಂಬಿ ಬೆಂಕಿ ಹಾಕಿ, ಕೈಪಂಖ ತಿರುವಿ ಗಾಳಿ ಊದಿದರೆ ಗ್ಯಾಸು ಹುಟ್ಟುತ್ತಿತ್ತು. ಆ ಗ್ಯಾಸಿನಿಂದಲೇ ಇಂಜಿನ್ನು ಓಡುತ್ತಿತ್ತು. ಏರು ಬಂದರೆ ಮಾತ್ರ ಮಂದಿ ಇಳಿದು ನೂಕಬೇಕು. ಕಾಮಣ್ಣ ಅದನ್ನೂ ಮೋಟಾರಿನ ಗುಣಗಳಲ್ಲೇ ಸೇರಿಸುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು.

"ನೂಕಿದ್ರ ಮೈಗೆ ಛಲೋ. ನಿಮ್ಮ ಪೆಟ್ರೋಲ್ ಎಲ್ಲಿಂದ ಬರ್ತೈತಿ? ಸಮುದ್ರ ದಾಟಿ. ನನ್ನ ಇದ್ದಲಿ ಎಲ್ಲಿಂದ ಬರ್ತೈತಿ? ನಮ್ಮ ಬದುವಿನ ಜಾಲಿಯಿಂದ. ಹಡಗ ಬರಲಿಲ್ಲಂದ್ರ ನೀವು ಬಾಯಿ ಬಾಯಿ ಬಡ್ಕೋಬೇಕು" ಎನ್ನುತ್ತಿದ್ದ.

ಎದುರು ಪಕ್ಷಕ್ಕೆ ರಾಮಲಿಂಗಪ್ಪ. ಬನಹಟ್ಟಿಯ ನೂಲಿನ ವ್ಯಾಪಾರಿಯೊಬ್ಬರ ಪೆಟ್ರೋಲ್ ಲಾರಿ ಓಡಿಸುವ ಮೂವತ್ತರ ತರುಣ. ಎಣ್ಣೆ ಹಾಕಿದ ಕ್ರಾಪು, ಸದಾ ನಗು. "ಕಾಕಾ, ನಿಮ್ಮ ಮೋಟಾರ ಹೊರಡೂದರಾಗ ಬೀಳಗಿಯೊಳಗ ಗಬ್ಬದ ಎಮ್ಮಿ ಕರಾ ಹಾಕಿ, ಗಿಣ್ಣನೂ ತಿಂದ ಮುಗಿಸಿರ್ತಾರ. ಮುಂಜಾನೆ ಭಟ್ಟಿ ಹೊತ್ತಿಸಾಕ ಒಂದ ತಾಸು ಬೇಕು. ನಂದು ಒಂದ ಹ್ಯಾಂಡಲ್ ಹೊಡದ್ರ ಆತು" ಎಂದರೆ ಬೇವಿನ ಕಟ್ಟೆಯ ಮೇಲಿದ್ದವರೆಲ್ಲ ನಗುತ್ತಿದ್ದರು.

ಇದು ಬರೀ ಕಟ್ಟೆಯ ಹರಟೆಯಾಗಿದ್ದರೆ ಕಾಮಣ್ಣನೂ ನಕ್ಕು ಬಿಡುತ್ತಿದ್ದ. ಆದರೆ ಪೆಟ್ರೋಲಿನ ಕೂಪನ್ ಕಟ್ಟುಪಾಡು ಸಡಿಲವಾಗುತ್ತದೆಂಬ ಸುದ್ದಿ ಬಂದಿತ್ತು. ಸಾವಕಾರರು ಎರಡನೆಯ ಮೋಟಾರು ತರುವವರಿದ್ದರು. ಅದಕ್ಕೂ ಭಟ್ಟಿ ಕೂಡಿಸುವುದೋ, ಇಲ್ಲ ಇದ್ದ ಭಟ್ಟಿಯನ್ನೂ ಕಿತ್ತು ಎರಡನ್ನೂ ಪೆಟ್ರೋಲಿಗೆ ಹಾಕುವುದೋ ಎಂಬುದು ಅವರ ತಲೆನೋವು. ಪೆಟ್ರೋಲಾದರೆ ರಾಮಲಿಂಗಪ್ಪನನ್ನು ಕರೆದುಕೊಳ್ಳುವುದಾಗಿ ಅವರು ಬಾಯಿ ಬಿಟ್ಟೇ ಹೇಳಿದ್ದರು. ಭಟ್ಟಿಯ ಮರ್ಮ ಬಲ್ಲವನು ಕಾಮಣ್ಣನೊಬ್ಬನೇ, ಅದಕ್ಕೇ ಅವನಿಗೆ ಆ ಸೀಟು. ಭಟ್ಟಿ ಹೋದರೆ ಮಂಜುಗಣ್ಣಿನ ಮುದುಕ ಡ್ರೈವರ ಯಾರಿಗೆ ಬೇಕು? ಹುನ್ನೂರಿಗೆ ಹೋಗಿ ತಮ್ಮ ಜಕ್ಕಪ್ಪನ ಕುರಿಗಳ ಹಿಂದೆ ತಿರುಗುವುದೊಂದೇ ದಾರಿ. ಊರಲ್ಲಿ 'ಮೋಟಾರ ಕಾಮಣ್ಣ' ಎನ್ನಿಸಿಕೊಂಡವನು ಬರೀ ಕಾಮಣ್ಣನಾಗಿ ಮರಳಬೇಕು.

ಆದರೆ ಅವನ ಬಳಿ ಒಂದು ಉಪಾಯವಿತ್ತು. ನಿಜ ಹೇಳಬೇಕೆಂದರೆ ಅವನದಲ್ಲ, ಅವನ ಅವ್ವನದು.

ಬಯಲಲ್ಲಿ ಬೀಡುಬಿಟ್ಟ ಕುರಿ ಹಟ್ಟಿಯಲ್ಲಿ ಬೆಂಕಿ ಆರಿಸುವ ಪದ್ಧತಿಯಿಲ್ಲ. ಸಂಜೆ ಅಡುಗೆ ಮುಗಿದ ಮೇಲೆ ಕೆಂಡಗಳನ್ನು ಒಂದೆಡೆ ಸರಿಸಿ, ಮೇಲೆ ಒಣ ಹಿಕ್ಕೆ ಹರಡಿ, ಬೂದಿ ಮುಚ್ಚುತ್ತಾರೆ. ಅದಕ್ಕೆ 'ಕೆಂಡ ಮಲಗಿಸೂದು' ಎನ್ನುತ್ತಾರೆ. ಮುಂಜಾನೆ ಬೂದಿ ಸರಿಸಿ ಊದಿದರೆ ಕೆಂಡ ಕಣ್ಣು ಬಿಡುತ್ತದೆ. ಹಟ್ಟಿ ಜಾಗ ಬದಲಿಸಿದರೆ ಕೆಂಡವೂ ಗಡಿಗೆಯಲ್ಲಿ ಕೂತು ಜೊತೆಗೆ ಹೊರಡುತ್ತದೆ. ಕಾಮಣ್ಣನ ಹೆಂಡತಿ ಸಾತವ್ವ ಸೊಸೆಯಾಗಿ ಬಂದ ದಿನ ಅತ್ತೆ ಅವಳ ಕೈಗೆ ಆ ಗಡಿಗೆ ಕೊಟ್ಟು, "ಇದು ಆರಿದ್ರ ಮನಿ ಆರಿದಂಗ, ಜ್ವಾಕಿ ಬೇ" ಎಂದಿದ್ದಳಂತೆ. ಮೋಟಾರಿಗೆ ಭಟ್ಟಿ ಕೂಡಿಸಿದಾಗ ಮೊದಲ ಬೆಂಕಿಯನ್ನು ಸಾತವ್ವ ಹಾಕಿದ್ದು ಆ ಗಡಿಗೆಯಿಂದಲೇ, ಬೀರೇಶ್ವರನ ಭಂಡಾರದ ಅರಿಷಿಣ ಎರಚಿ. ಅಂದಿನಿಂದ ಐದು ವರ್ಷ ಅದು ಆರಿಲ್ಲ. ದಿನಾ ಸಂಜೆ ಆಕೆ ಭಟ್ಟಿಯೊಳಗೆ ಕೆಂಡ ಮಲಗಿಸುತ್ತಿದ್ದಳು. ಮುಂಜಾನೆ ಪಂಖವನ್ನು ಹತ್ತು ಸುತ್ತು ತಿರುವಿದರೆ ಸಾಕು. ತಾಸಿನ ಕೆಲಸ ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮುಗಿಯುತ್ತಿತ್ತು. ಕಟ್ಟೆಯ ಮೇಲಿನ ಒಬ್ಬನಿಗೂ ಈ ಗುಟ್ಟು ತಿಳಿದಿರಲಿಲ್ಲ.

ಆ ವರ್ಷ ಇಬ್ಬನಿ ವಿಪರೀತ ಬಿದ್ದು ಇದ್ದಿಲು ತೇವವಾಗತೊಡಗಿತು. ಮೋಟಾರು ನಿಲ್ಲುತ್ತಿದ್ದ ತಗಡಿನ ಛಪ್ಪರಕ್ಕೆ ಕಾಮಣ್ಣ ಸುತ್ತ ತಟ್ಟಿ ಕಟ್ಟಿ, ಸಗಣಿ ಸಾರಿಸಿ, ದಪ್ಪ ಬಾಗಿಲು ಹಚ್ಚಿದ. ಗಂಡಹೆಂಡತಿಯ ಹಾಸಿಗೆಯೂ ಅಲ್ಲೇ, ಭಟ್ಟಿಯ ಮಗ್ಗುಲಲ್ಲೇ. ಬೆಚ್ಚಗಿತ್ತು. ಬಾಗಿಲು ಹಚ್ಚಿದ ಮೂರನೇ ದಿನ ಅವರ ಮುಧೋಳದ ಬೇಟೆನಾಯಿ ಬಾಣ್ಯಾ ಹೊರಗೆ ಹೋಗಿ ತಿಪ್ಪೆಯ ಪಕ್ಕ ಮಲಗಿತು. ಎಷ್ಟು ಕರೆದರೂ ಒಳಗೆ ಬರಲೊಲ್ಲದು. "ನಾಯಿಗಿ ಸುಖಾ ತಿಳಿಯಂಗಿಲ್ಲ" ಎಂದ ಕಾಮಣ್ಣ.

ಸಾತವ್ವನಿಗೆ ತಲೆನೋವು ಶುರುವಾಯಿತು. ಮುಂಜಾನೆ ಎದ್ದರೆ ಕಣ್ಣು ಕತ್ತಲಿಡುವುದು, ಹೊಟ್ಟೆ ತೊಳಸುವುದು. ಕಾಮಣ್ಣನಿಗೂ ತಲೆ ಭಾರವೆನಿಸುತ್ತಿತ್ತು. ಮೋಟಾರು ಹುನ್ನೂರು ದಾಟಿ ಮುಖಕ್ಕೆ ಗಾಳಿ ಬಡಿದ ಮೇಲೆ ಇಳಿಯುತ್ತಿತ್ತು. ಮುಖಕ್ಕೆ ಗಾಳಿ ಬಡಿಯುವ ಭಾಗ್ಯ ಸಾತವ್ವನಿಗೆಲ್ಲಿ? ದೃಷ್ಟಿಯಾಗಿದೆ ಎಂದು ಆಕೆ ಉಪ್ಪು ನಿವಾಳಿಸಿಕೊಂಡಳು. ಹಣೆಗೆ ಭಂಡಾರ ಹಚ್ಚಿ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡಿದಳು. ಬೀಳಗಿಯಲ್ಲಿ ಇಳಿದವರಿಗೆಲ್ಲ ಇದ್ದಿಲಿನ ಮಹಿಮೆ ಹೇಳುತ್ತಿದ್ದ ಗಂಡನಿಗೆ ಅದು ಕಂಡರೂ ಕಾಣಲಿಲ್ಲ. ದೀಪದ ಬುಡದಲ್ಲೇ ಕತ್ತಲು.

ಕೊನೆಗೆ ಗಿರಿಮಲ್ಲಪ್ಪ ಸಾವಕಾರರೇ ತೀರ್ಮಾನಿಸಿದರು: "ಸೋಮವಾರ ನಸುಕಿನ್ಯಾಗ ನಾನ ಛಪ್ಪರಕ ಬರ್ತೇನಿ. ರಾಮಲಿಂಗ ತನ್ನ ಲಾರಿನೂ ತರಲಿ. ತಣ್ಣಗ ನಿಂತ ಗಾಡಿ ಯಾವ್ದು ಎಷ್ಟೊತ್ತಿಗಿ ಚಾಲೂ ಆಗ್ತೈತಿ, ಕಣ್ಣಾರೆ ನೋಡ್ತೇನಿ."

ಕಾಮಣ್ಣನ ಎದೆ ಹಿಗ್ಗಿತು. ಗೆದ್ದೆನೆಂದೇ ತಿಳಿದ. ಒಣ ಜಾಲಿಯ ಇದ್ದಿಲು ತರಲು ಭಾನುವಾರ ಸಂಜೆ ತಮ್ಮನ ಊರಿಗೆ ಹೊರಟಾಗ ಹೆಂಡತಿಗೆ ಹೇಳಿದ: "ಇವತ್ತ ಒಂದೀಟ ಹೆಚ್ಚ ಕೆಂಡ ಮಲಗಿಸು. ಬಾಗಲಾ ಸಂದಿಗಿ ಅರಿವಿ ತುರುಕು, ಇಬ್ಬನಿ ಒಳಗ ಬರಬಾರ್ದು. ನೀ ಅಲ್ಲೇ ಇರು, ಜ್ವಾಕಿ."

"ನಿಮ್ಮ ಸೀಟು ಉಳದ್ರ ಸಾಕ್ರಿ" ಎಂದಳು ಸಾತವ್ವ.

ಸೋಮವಾರ ಮೂಡಣ ಕೆಂಪಾಗುವ ಹೊತ್ತಿಗೆ ಜಕ್ಕಪ್ಪನ ಚಕ್ಕಡಿಯಲ್ಲಿ ಚೀಲ ಹೇರಿಕೊಂಡು ಕಾಮಣ್ಣ ತಮ್ಮನ ಜೊತೆ ಬಂದ. ಛಪ್ಪರದ ಮುಂದೆ ಶಾಲು ಹೊದ್ದ ಸಾವಕಾರರು, ಕೈಯಲ್ಲಿ ಜೇಬುಗಡಿಯಾರ. ಪಕ್ಕದಲ್ಲಿ ಲಾರಿ, ರಾಮಲಿಂಗಪ್ಪ. ನೋಡಲು ಬಂದ ಹತ್ತಾರು ಮಂದಿ. ಬಾಣ್ಯಾ ಮುಚ್ಚಿದ ಬಾಗಿಲನ್ನು ಕೆರೆದು ಕೆರೆದು ಬೊಗಳುತ್ತಿತ್ತು.

"ಸಾತವ್ವ, ಬಾಗಲಾ ತಗಿ!" ಎಂದ ಕಾಮಣ್ಣ, ಮಂದಿಯ ಕಡೆ ಮೀಸೆಯಲ್ಲೇ ನಗುತ್ತ.

ಉತ್ತರವಿಲ್ಲ. ಇನ್ನೊಮ್ಮೆ ಕರೆದ. ಮೂರನೆಯ ಸಲ ಕರೆಯುವಾಗ ಬಾಗಿಲನ್ನೇ ಬಡಿದ. ನಾಯಿ ಯಾಕೆ ಒಳಗೆ ಬರುತ್ತಿರಲಿಲ್ಲ, ತನ್ನ ತಲೆ ಯಾಕೆ ಗಾಳಿಗೆ ಹಗುರವಾಗುತ್ತಿತ್ತು, ಎಲ್ಲ ಒಂದೇ ಕ್ಷಣಕ್ಕೆ ಕಣ್ಣ ಮುಂದೆ ಬಂತು. ರಾಮಲಿಂಗಪ್ಪನೂ ಅವನೂ ಸೇರಿ ಹೆಗಲು ಕೊಟ್ಟು ಬಾಗಿಲು ಮುರಿದರು. ಸಾತವ್ವ ಭಟ್ಟಿಗೆ ಆತುಕೊಂಡು ಕಂಬಳಿ ಹೊದ್ದು ಬಿದ್ದಿದ್ದಳು. ಕರೆದರೆ ಓಗೊಡಲಿಲ್ಲ, ಅಲುಗಿಸಿದರೆ ಕಣ್ಣು ತೆರೆಯಲಿಲ್ಲ. ಇಬ್ಬರೂ ಆಕೆಯನ್ನು ಎತ್ತಿ ಬಯಲಿಗೆ ತಂದು ಮಲಗಿಸಿದರು. ಉಸಿರು ಇತ್ತು.

"ದವಾಖಾನಿಗಿ ಒಯ್ಯೋಣು! ಗಾಡಿ ತಗೀರಿ!" ಎಂದರು ಯಾರೋ. ರಾಮಲಿಂಗಪ್ಪ ಓಡಿಹೋಗಿ ಲಾರಿಗೆ ಹ್ಯಾಂಡಲ್ ಹೊಡೆದ. ಚಳಿಗೆ ಮರಗಟ್ಟಿದ ಇಂಜಿನ್ನು ಕೆಮ್ಮಿತು, ನಿಂತಿತು. ಮತ್ತೆ ಹೊಡೆದ, ಮತ್ತೆ ಕೆಮ್ಮಿತು. ಅಷ್ಟರಲ್ಲಿ ಜಕ್ಕಪ್ಪ ಪಂಖವನ್ನು ಹತ್ತು ಸುತ್ತು ತಿರುವಿದ್ದ, ಮಲಗಿದ್ದ ಕೆಂಡ ಕಣ್ಣು ಬಿಟ್ಟಿತ್ತು. ಇದ್ದಿಲು ಮೋಟಾರು ಕಾಮಣ್ಣನ ಒಂದೇ ಏಟಿಗೆ ಗುಡುಗಿತು. ಆ ಗಡಿಬಿಡಿಯಲ್ಲೂ ಸಾವಕಾರರ ಕಣ್ಣು ಒಮ್ಮೆ ಗಡಿಯಾರದ ಮೇಲೆ ಹೋಗಿಬಂತು. ವ್ಯಾಪಾರಿಯ ಕಣ್ಣು, ಏನು ಮಾಡುವುದು.

ದವಾಖಾನೆ ಮುಟ್ಟುವ ಮೊದಲೇ, ತೆರೆದ ಕಿಟಕಿಯ ಗಾಳಿಗೆ ಸಾತವ್ವ ನರಳತೊಡಗಿದ್ದಳು. ಡಾಕ್ಟರರು ಕಣ್ಣು, ನಾಡಿ ನೋಡಿ ಕೇಳಿದರು: "ಮಲಗೂ ಜಾಗಾದಾಗ ಇದ್ದಲಿ ಬೆಂಕಿ ಇತ್ತೇನು?"

ಸಾವಕಾರರು ಪಕ್ಕದಲ್ಲೇ ನಿಂತಿದ್ದರು. ಕಾಮಣ್ಣನ ಬಾಯಿಂದ ಮಾತು ತಾನಾಗಿ ಬಂತು: "ಇಲ್ರಿ."

"ನಿನ್ನೆ ಉಪಾಸ ಇದ್ಲೇನೋ. ನಿತ್ರಾಣ ಆಗಿರಬೇಕು" ಎಂದರು ಸಾವಕಾರರು. ಡಾಕ್ಟರರು ಕಾಮಣ್ಣನ ಮುಖವನ್ನೇ ಒಂದು ಗಳಿಗೆ ನೋಡಿ, ಆಕೆಯನ್ನು ಗಾಳಿ ಆಡುವ ಪಡಸಾಲೆಯಲ್ಲಿ ಮಲಗಿಸಲು ಹೇಳಿ ಒಳಗೆ ಹೋದರು.

ಬಿಸಿಲೇರುವ ಹೊತ್ತಿಗೆ ಸಾತವ್ವ ಕಣ್ಣು ತೆರೆದಳು. ಗಂಡನನ್ನು ಗುರುತಿಸಿ, ಒಣಗಿದ ತುಟಿಯಲ್ಲಿ ಮೊದಲು ಕೇಳಿದ್ದು ಇಷ್ಟೇ: "ಬೆಂಕಿ ಇತ್ತಲ್ರಿ?"

"ಇತ್ತು" ಎಂದ ಕಾಮಣ್ಣ. ಅವನಿಗೆ ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು. ಅದೇ ಬೆಂಕಿಯನ್ನು ಈಗಷ್ಟೇ ಇಲ್ಲವೆಂದು ಹೇಳಿದ್ದ.

ಹೊರಗೆ ಮೋಟಾರಿನ ಸುತ್ತ ಮಂದಿ ಸೇರಿದ್ದರು. ಲಾರಿಯೂ ಕೊನೆಗೆ ಚಾಲೂ ಆಗಿ ಬಂದು ನಿಂತಿತ್ತು. ಕಾಮಣ್ಣ ಹೊರಬಂದದ್ದೇ ಸಾವಕಾರರು ಅವನ ಹೆಗಲು ತಟ್ಟಿದರು. "ಆಕಿ ಪಾರಾದಳು, ಬೀರಪ್ಪ ದೊಡ್ಡಾವ. ಕಾಮಣ್ಣ, ನೀ ಗೆದ್ದಿ! ನಿನ್ನ ಗಾಡಿ ಇರದಿದ್ರ ಆಕಿ ಗತಿ ಏನಿತ್ತು? ಎರಡನೇ ಮೋಟಾರಿಗೂ ಭಟ್ಟಿನ ಕೂಡಸ್ತೇನಿ. ಅದಕೂ ಹಿಂಗ ಬಂದೋಬಸ್ತ ಛಪ್ಪರಾ ಕಟ್ಟಸ್ತೇನಿ. ಸಾತಪ್ಪ ಕ್ಲೀನರ್ ಹೆಂಡ್ತಿ ಮಕ್ಕಳ ಸಮೇತ ಅದರಾಗ ಇರಲಿ. ಈಗ ಜಕ್ಕಪ್ಪ ಹೇಳಿದ್ನಲ್ಲ, ಆ ಕೆಂಡ ಮಲಗಸೂದನ್ನ ನೀ ಅವರಿಗಿ ಕಲಸು."

ರಾಮಲಿಂಗಪ್ಪ ತಲೆ ತಗ್ಗಿಸಿದ್ದ. ಕಾಮಣ್ಣನಿಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ತುಟಿ ಪಿಟಕ್ಕೆನ್ನದೆ ನಿಂತಿದ್ದರೆ ಸೀಟು ಅವನದು, ಹೆಸರು ಅವನದು. ಸಾತಪ್ಪನಿಗೆ ಮೂರು ಮಕ್ಕಳು. ಚಿಕ್ಕದು ಇನ್ನೂ ತೊಟ್ಟಿಲಲ್ಲಿತ್ತು.

"ಸಾವಕಾರ್ರ, ಆಕಿ ಉಪಾಸ ಇರ್ಲಿಲ್ರಿ" ಎಂದ ಕಾಮಣ್ಣ. ದನಿ ಅವನಿಗೇ ಬೇರೆಯವರದೆನಿಸಿತು. "ಡಾಕ್ಟರಿಗಿ ನಾ ಸುಳ್ಳ ಹೇಳೇನಿ. ಇಂಜಿನ್ನು ತಿನ್ನೂ ಗ್ಯಾಸನ್ನ ಆಕಿ ತಿಂದಾಳ. ಬಾಗಲಾ ಹಚ್ಚಿ, ಸಂದಿಗಿ ಅರಿವಿ ತುರುಕಿಸಿ, ನಾನ ತಿನ್ನಿಸೇನಿ. ನಾಯಿಗಿ ತಿಳಿದದ್ದು ನನಗ ತಿಳೀಲಿಲ್ರಿ. ಯಾರ ಮಕ್ಕಳನ್ನೂ ಅದರ ಮಗ್ಗಲಕ ಮಲಗಸಬ್ಯಾಡ್ರಿ."

ಸಾವಕಾರರ ಕೈ ಅವನ ಹೆಗಲಿಂದ ಜಾರಿತು. ಗಡಿಯಾರದ ಸರಪಳಿ ತಿರುವಿದರು. "ಮಲಗಸದಿದ್ರ ಮತ್ತ ದಿನಾ ತಾಸಗಟ್ಟಲೆ ಹೊತ್ತಸಬೇಕಲ್ಲೋ" ಎಂದರು ಮೆಲ್ಲಗೆ.

"ಹೌದ್ರಿ."

"ಹಂಗಾರ ಪೆಟ್ರೋಲ ಆತು." ಅವರು ರಾಮಲಿಂಗಪ್ಪನ ಕಡೆ ತಿರುಗಿದರು. ಅಲ್ಲಿಗೆ ಇಡೀ ಚಳಿಗಾಲದ ವಾದ ಮುಗಿಯಿತು.

ಗೆದ್ದ ರಾಮಲಿಂಗಪ್ಪ ನಗಲಿಲ್ಲ. ಕಾಮಣ್ಣನ ಹತ್ತಿರ ಬಂದು, "ಕಾಕಾ, ಹಿಂಗ ಗೆಲ್ಲೂದು ನನಗ ಬೇಕಿರ್ಲಿಲ್ಲ" ಎಂದ.

"ಅದಿರಲಿ ತಮ್ಮಾ. ಕೂಪನ್ನಿನ ಪೆಟ್ರೋಲ್ ಡಬ್ಬಿ ಎಲ್ಲಿ ಇಡ್ತಿ ನೀ?"

"ಮನ್ಯಾಗ. ಹೊರಗಿಟ್ರ ಕಳವಾಗ್ತಾವ. ಅವ್ವನ ಹೊರಸಿನ ಬುಡಕ..." ಎಂದವನ ಮಾತು ಅಲ್ಲೇ ನಿಂತಿತು. ಅವನ ತಾಯಿ ಅನಸವ್ವ ಚಳಿಗೆ ಹೊರಸಿನ ಪಕ್ಕದಲ್ಲೇ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಳ್ಳುತ್ತಿದ್ದಳು. ರಾಮಲಿಂಗಪ್ಪ ಲಾರಿ ಹತ್ತಿ ಬನಹಟ್ಟಿಯ ದಾರಿ ಹಿಡಿದ, ಬಿಟ್ಟ ಬಾಣದಂತೆ.

ಮಧ್ಯಾಹ್ನ ಸಾತವ್ವನನ್ನು ಕರೆತಂದು ಅಂಗಳದಲ್ಲಿ ಕೂಡಿಸಿದ ಮೇಲೆ ಕಾಮಣ್ಣ ಭಟ್ಟಿಯ ಕೆಳಬಾಗಿಲು ತೆರೆದ. ಕಬ್ಬಿಣದ ಸಲಾಕೆಯಿಂದ ಕೆಂಡಗಳನ್ನೆಲ್ಲ ನೆಲಕ್ಕೆ ಎಳೆದ. ಕೊಡದಲ್ಲಿ ನೀರು ತಂದ. ಬಾಣ್ಯಾ ಸಾತವ್ವನ ಕಾಲ ಬಳಿ ಮಲಗಿ ನೋಡುತ್ತಿತ್ತು.

"ಏನ್ ಮಾಡಾಕತ್ತೀರಿ? ಅತ್ತಿ ಕೊಟ್ಟ ಕೆಂಡ ಅದು" ಎಂದು ಸಾತವ್ವ ಗಾಬರಿಯಿಂದ ಏಳಹೋದಳು. "ಹಟ್ಟಿ ಬೆಂಕಿ ಆರಸಬಾರ್ದ್ರಿ. ಅತ್ತಿ ಸುಳ್ಳ ಹೇಳಿದ್ಳೇನು?"

ಕಾಮಣ್ಣನ ಕಣ್ಣು ತುಂಬಿ ಬಂತು. ಕೊಡವನ್ನು ಎತ್ತಿ ಹಿಡಿದ.

"ಅವ್ವ ಖರೆನ ಹೇಳಿದ್ಳು ಸಾತವ್ವ. ಆದ್ರ ಆಕಿ ಹಟ್ಟಿಗಿ ಬಾಗಲಾ ಇರ್ಲಿಲ್ಲ" ಎಂದು ನೀರು ಸುರಿದ.