ಎಡಗಡೆಯ ಕಿಟಕಿ

೧೯೪೮ರ ಸೆಪ್ಟೆಂಬರಿನಲ್ಲಿ, ಕಂಟೋನ್ಮೆಂಟಿನ ಟಿಕೆಟ್ ಕಚೇರಿಯ ಗುಮಾಸ್ತ ಮುನೀರ್ ವಿಮಾನದ ಒಳನಕ್ಷೆಯನ್ನು ನಮ್ಮ ಮುಂದೆ ಹರಡಿದ.

“ಎಡಗಡೆ ತೊಗೊಳ್ಳಿ ಮೇಷ್ಟ್ರೇ. ಸಿಲೋನ್ ದಡ, ತೆಂಗಿನ ತೋಪು, ಎಲ್ಲಾ ಆ ಕಡೇನೇ. ಆ ಕಿಟಕಿಗೆ ದೊಡ್ಡ ದೊಡ್ಡ ಸಾಹೇಬ್ರೇ ಕಿತ್ತಾಡ್ತಾರೆ.”

“ದ್ವೀಪ ಯಾರಿಗೆ ಬೇಕಪ್ಪಾ?” ಎಂದಳು ನನ್ನ ಹೆಂಡತಿ ಮುನಿಶಾಮಮ್ಮ. “ಮೇಲಕ್ಕೆ ಏರೋವಾಗ ನಮ್ಮ ಹೊಲ ಕಾಣ್ಬೇಕು. ಆ ಕಡೆ ಕೊಡು.”

ಮುನೀರ್ ನನ್ನ ಮುಖ ನೋಡಿದ.

“ಎಡಗಡೇನೇ ಇರ್ಲಿ,” ಎಂದೆ. “ಹೊಲಾನೂ ಅಲ್ಲಿಂದ್ಲೇ ಕಾಣುತ್ತೆ.”

ಅದು ಸುಳ್ಳು, ಲೆಕ್ಕ ಹಾಕಿ ಹೇಳಿದ ಸುಳ್ಳು.

ಕಗ್ಗದಾಸಪುರದ ಬಳಿ ನಮಗೆ ಎರಡು ಎಕರೆ ಹೊಲವಿತ್ತು. ನಾಲ್ಕು ವರ್ಷದ ಮಗ ಮುನಿಆಂಜನಪ್ಪ ಜ್ವರದಲ್ಲಿ ತೀರಿಕೊಂಡಾಗ ಅಲ್ಲಿಯೇ ಮಣ್ಣು ಮಾಡಿ, ತಲೆಯ ಬಳಿ ಒಂದು ಕಲ್ಲು ನೆಟ್ಟೆವು. ಆಮೇಲೆ ಯುದ್ಧ ಬಂತು. ವಿಮಾನ ಇಳಿಯುವ ಬಯಲಿಗಾಗಿ ಹೊಲ ಹೋಯಿತು, ಸುತ್ತ ಮುಳ್ಳುತಂತಿ ಎದ್ದಿತು, ನಾವು ಹಲಸೂರು ಸೇರಿದೆವು. ಕಲ್ಲನ್ನು ಉಳಿಸಿದ್ದಾರೆಯೇ ಕೇಳಿ ಬನ್ನಿರೆಂದು ಅವಳು ನನ್ನನ್ನು ಕಳುಹಿಸಿದಳು. ಗೇಟಿನವರೆಗೆ ಹೋದೆ. ಉತ್ತರ ಏನು ಬರುವುದೋ ಎಂಬ ಭಯದಿಂದ ಕೇಳದೆಯೇ ಹಿಂದಿರುಗಿ, ಉಳಿಸಿದ್ದಾರೆ, ಸುತ್ತ ಬೇಲಿಯನ್ನೂ ಹಾಕಿದ್ದಾರೆ ಎಂದೆ. ಏಳು ವರ್ಷ ಅವಳು ಆ ಮಾತನ್ನು ನಂಬಿ ಬದುಕಿದಳು. ಈಗ ಕೊಲಂಬೊದಲ್ಲಿರುವ ಮಗಳು ಆದಿಲಕ್ಷ್ಮಿಯ ಹೆರಿಗೆಗೆಂದು ಅಳಿಯ ನಮ್ಮನ್ನು ಕರೆಸಿಕೊಳ್ಳುತ್ತಿದ್ದ. ವಿಮಾನ ಏರುವುದು ಅದೇ ಬಯಲಿನಿಂದ.

ವಿಮಾನ ಓಡುವ ಹಾದಿ ಪೂರ್ವ ಪಶ್ಚಿಮವಾಗಿದೆ. ನಮ್ಮ ಹೊಲ ಅದರ ಉತ್ತರಕ್ಕೆ. ಗಾಳಿಗೆ ಎದುರಾಗಿ ಓಡಿಯೇ ವಿಮಾನ ಮೇಲೇಳುತ್ತದೆ. ಹನ್ನೊಂದು ದಿನ ಬೆಳಿಗ್ಗೆ ಹಲಸೂರು ಕೆರೆಯ ದಂಡೆಯಲ್ಲಿ ನಿಂತು ಗಾಳಿ ನೋಡಿದ್ದೆ. ಹನ್ನೊಂದು ದಿನವೂ ಪಶ್ಚಿಮದಿಂದ. ಪಶ್ಚಿಮಕ್ಕೆ ಓಡುವ ವಿಮಾನದ ಎಡಗಡೆ ದಕ್ಷಿಣ. ಅವಳಿಗೆ ಯಾರದೋ ರಾಗಿ ಹೊಲ ಕಾಣುತ್ತದೆ. ಕಲ್ಲು ಪೈರಿನ ಮರೆಯಲ್ಲಿದೆ ಎಂದುಬಿಡಬಹುದು.

ಹನ್ನೆರಡನೆಯ ದಿನ, ವಿಮಾನದ ಮೆಟ್ಟಿಲು ಹತ್ತುವಾಗ, ಕಂಬದ ತುದಿಯ ಬಟ್ಟೆಯ ಗಾಳಿಚೀಲ ಪಶ್ಚಿಮಕ್ಕೆ ಬಾಲ ಚಾಚಿತ್ತು. ಗಾಳಿ ಈಗ ಪೂರ್ವದಿಂದ ಬೀಸುತ್ತಿತ್ತು.

“ಕಿಟಕಿ ಹತ್ರ ನಾನು ಕೂತ್ಕೊತೀನಿ. ನಿಂಗೆ ತಲೆ ಸುತ್ತುತ್ತೆ.”

“ನಿಮ್ಗೇ ಸುತ್ತಂಗೈತೆ. ಮುಖ ನೋಡ್ಕೊಳ್ಳಿ, ಬೂದಿ ಬಳ್ದಂಗೈತೆ. ಬೇಕಾದ್ರೆ ನನ್ ಕೈ ಹಿಡ್ಕೊಳ್ಳಿ,” ಎಂದು ನಕ್ಕು, ಅವಳು ಗಾಜಿಗೆ ಹಣೆಯೊತ್ತಿದಳು.

ಯಂತ್ರಗಳು ಗರ್ಜಿಸಿದವು. ವಿಮಾನ ಪೂರ್ವಕ್ಕೆ ಓಡತೊಡಗಿತು. ಎಡಗಡೆ ಉತ್ತರ. ನಾನು ಕಣ್ಣು ಮುಚ್ಚಿದೆ. ನೆಲ ಬಿಟ್ಟದ್ದು ಹೊಟ್ಟೆಗೆ ತಿಳಿಯಿತು; ಹಾರುವ ಭಯ ನನಗೆ ಎಳ್ಳಷ್ಟೂ ಇರಲಿಲ್ಲ. ಅವಳ ಕೂಗಿಗಾಗಿ ಕಾದೆ.

“ರೀ, ಕಲ್ಲು!”

ಕಣ್ಣು ತೆರೆದೆ. ಹಾದಿಯ ಎಲ್ಲೆ ತೋರಿಸಲು ಬಯಲಿನ ಅಂಚಿಗೆ ಉದ್ದಕ್ಕೂ ಸುಣ್ಣ ಬಳಿದ ಕಲ್ಲುಗಳನ್ನು ನೆಟ್ಟಿದ್ದರು.

“ಇಷ್ಟೊಂದವೆ! ನಮ್ದು ಯಾವ್ದು? ಬೇಗ ಎಣಿಸ್ರೀ, ಲೆಕ್ಕದ ಮೇಷ್ಟ್ರಲ್ವಾ ನೀವು!”

ಎಣಿಸಿದೆ. ಹತ್ತೊಂಬತ್ತು. ನಮ್ಮದು ಅವುಗಳ ನಡುವೆ ಉಳಿದಿದ್ದರೆ ಎಲ್ಲಾದರೂ ಒಂದು ಕಡೆ ಅಂತರ ಕೆಡಬೇಕು. ಎಲ್ಲಿಯೂ ಕೆಟ್ಟಿರಲಿಲ್ಲ.

“ಏಳ್ನೇದು,” ಎಂದೆ.

“ಬೇಲಿ ಇಲ್ವಲ್ಲ?”

“ತೆಗ್ದಿರ್ಬೇಕು. ಸುಣ್ಣ ಬಳ್ದಿದಾರಲ್ಲ.”

ಅವಳು ಸೆರಗಿನ ಗಂಟಿನಿಂದ ಕನಕಾಂಬರದ ತುಂಡೊಂದನ್ನು ತೆಗೆದು, ರೆಕ್ಕೆ ಆ ಕಲ್ಲನ್ನು ಮರೆಮಾಡುವವರೆಗೂ ಗಾಜಿಗೆ ಒತ್ತಿ ಹಿಡಿದಿದ್ದಳು.

ಮದರಾಸು ದಾಟಿ ಕಡಲು ಬಂತು. ಮುನೀರ್ ಹೇಳಿದ ದಡವೂ ತೆಂಗಿನ ತೋಪೂ ಬಂದವು. ಅವಳು ಅತ್ತ ನೋಡಲಿಲ್ಲ. ಬಾಡಿದ ಹೂವನ್ನು ಮತ್ತೆ ಗಂಟು ಕಟ್ಟುತ್ತಿದ್ದಳು.

“ಬರೋವಾಗ್ಲೂ ಕಿಟಕೀನೇ ತೊಗೊಳ್ಳಿ. ಇಳಿದ್ಮೇಲೆ ಯಾರನ್ನಾದ್ರೂ ಕೇಳ್ಕೊಂಡು ಹತ್ರಾನೇ ಹೋಗ್ಬರೋಣ. ಏಳ್ನೇದು ಅಂದ್ರಲ್ಲ, ಯಾವ ತುದಿಯಿಂದ ಏಳು?”

ಹತ್ತೊಂಬತ್ತರಲ್ಲಿ ಒಂದು ತುದಿಯಿಂದ ಏಳನೆಯದು ಇನ್ನೊಂದು ತುದಿಯಿಂದ ಹದಿಮೂರನೆಯದು. ಮೂರನೆಯ ತರಗತಿಯ ಲೆಕ್ಕ. ಎರಡೂ ನಮ್ಮ ಕಲ್ಲಲ್ಲ.